ಎಷ್ಟನೆಯ ದಿನ, ಯಾವ ತಪಾಸಣೆ? ಎಚ್‌ಐವಿ ಭಯದಲ್ಲಿರುವವರಿಗೆ ಒಂದು ಹೋಲಿಕೆ

ಹುಬ್ಬಳ್ಳಿಯ ನಮ್ಮ ಲ್ಯಾಬಿನ ಕೌಂಟರ್ ಮುಂದೆ ಕಳೆದ ತಿಂಗಳು ಒಬ್ಬ ಹುಡುಗ ಬಹಳ ಹೊತ್ತು ನಿಂತಿದ್ದ. ಜನ ಕಡಿಮೆಯಾದ ಮೇಲೆ ಹತ್ತಿರ ಬಂದು, ಮೊಬೈಲ್ ಚಾಚಿ ಒಂದು ಫೋಟೊ ತೋರಿಸಿದ. ತಾನೇ ಮಾಡಿಕೊಂಡ ಎಚ್‌ಐವಿ ತಪಾಸಣೆಯ ಬಿಳಿ ಪ್ಲಾಸ್ಟಿಕ್ ಕಾರ್ಡು. ‘ಸಿ’ ಅಕ್ಷರದ ಎದುರು ಒಂದು ಕೆಂಪು ಗೆರೆ, ‘ಟಿ’ ಎದುರು ಖಾಲಿ. ‘ಸರ್, ಇದು ನೆಗೆಟಿವ್ ಅಲ್ಲವೇ?’ ಎಂದ. ಅಪಾಯದ ಸಂಪರ್ಕ ನಡೆದು ಎಷ್ಟು ದಿನವಾಯಿತು ಎಂದು ಕೇಳಿದೆ. ‘ಒಂಬತ್ತು’ ಎಂದ.

ಒಂಬತ್ತನೆಯ ದಿನ ಆ ಕಾರ್ಡು ಹೇಳಬಲ್ಲದ್ದು ಏನೂ ಇಲ್ಲ. ಕಾರ್ಡು ಕೆಟ್ಟಿರಲಿಲ್ಲ, ಅವನು ಮಾಡಿದ ರೀತಿಯೂ ತಪ್ಪಾಗಿರಲಿಲ್ಲ. ಸೋಂಕು ತಗಲಿದ್ದರೂ ಆ ಕಾರ್ಡು ಹುಡುಕುವ ವಸ್ತು ಅಷ್ಟು ಬೇಗ ರಕ್ತದಲ್ಲಿ ಹುಟ್ಟಿರುವುದಿಲ್ಲ, ಅಷ್ಟೆ.

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗಳಿಗೆ ಓದುತ್ತಿರುವ ಹುಡುಗರು, ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ಹೋಗುವ ಲಾರಿ ಚಾಲಕರು, ಗದಗದ ಆಸ್ಪತ್ರೆಗಳ ಸಿಸ್ಟರ್‌ಗಳು, ಮದುವೆ ಗೊತ್ತಾದವರು, ಗಂಡನ ವರದಿ ಕೈಗೆ ಸಿಕ್ಕ ಹೆಣ್ಣುಮಕ್ಕಳು ಎಲ್ಲರೂ ಕೇಳುವುದು ಒಂದೇ: ಯಾವ ತಪಾಸಣೆ ಹೆಚ್ಚು ನಿಖರ? ಸರಕಾರಿ ಕೇಂದ್ರದ ಉಚಿತ ತಪಾಸಣೆಯೋ, ಲ್ಯಾಬಿನ ಕಾಂಬೊ ತಪಾಸಣೆಯೋ, ಸಾವಿರಾರು ರೂಪಾಯಿಯ ಪಿಸಿಆರೋ, ಮನೆಯಲ್ಲೇ ಮಾಡಿಕೊಳ್ಳುವ ಕಿಟ್ಟೋ? ದಿನಗಳ ಲೆಕ್ಕ ಹಿಡಿಯದೆ ಈ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಅಪಾಯದ ಸಂಪರ್ಕ ನಡೆದು ಇನ್ನೂ 72 ಗಂಟೆ ಕಳೆದಿಲ್ಲವಾದರೆ ತಪಾಸಣೆಯ ಆಯ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ ಪೆಪ್ ಮಾತ್ರೆಗಳ ಬಗ್ಗೆ ಕೇಳಿ. ಸೋಂಕು ಬೇರೂರದಂತೆ ತಡೆಯಲು 28 ದಿನ ನುಂಗುವ ಮಾತ್ರೆಗಳಿವು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ವಿದ್ಯಾನಗರದಲ್ಲಿರುವ, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಧಾರವಾಡ, ಗದಗ, ಹಾವೇರಿಗಳ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ವಿಚಾರಿಸಿ. ರಾತ್ರಿಯಾದರೆ ತುರ್ತು ವಿಭಾಗದಲ್ಲಿ ಕೇಳಿ. ಬೆಳಗಾಗಲಿ ಎಂದು ಕಾಯಬೇಡಿ.

ಯಾವುದರಿಂದ ಅಳೆಯಬೇಕು

ನಾನು ಅಳೆಯುವುದು ನಾಲ್ಕು ವಿಷಯಗಳಿಂದ. ಅವುಗಳಲ್ಲಿ ಮೊದಲನೆಯದರ ತೂಕ ಉಳಿದ ಮೂರನ್ನೂ ಮೀರಿಸುತ್ತದೆ.

ಅದು ದಿನದ ಎಣಿಕೆ. ವೈರಸ್ ಮೈಯೊಳಗೆ ಹೊಕ್ಕ ದಿನದಿಂದ ತಪಾಸಣೆಯಲ್ಲಿ ಕಾಣಿಸುವ ದಿನದವರೆಗಿನ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ, ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿ ಗವಾಕ್ಷಿ ಅವಧಿ ಎಂದಿರುತ್ತದೆ. ಆ ಅವಧಿಯಲ್ಲಿ ರಕ್ತದಲ್ಲಿ ಒಂದಾದ ಮೇಲೊಂದು ಮೂರು ಸಂಗತಿಗಳು ಕಾಣಿಸಿಕೊಳ್ಳುತ್ತವೆ. ಮೊದಲ ಹತ್ತು ದಿನಗಳ ಆಸುಪಾಸಿನಲ್ಲಿ ಯಾವ ತಪಾಸಣೆಗೂ ಏನೂ ಸಿಗುವುದಿಲ್ಲ. ಅನಂತರ ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ ಕಾಣುತ್ತದೆ. ಸುಮಾರು ಒಂದು ವಾರದ ಮೇಲೆ ವೈರಸ್ಸಿನದೇ ಭಾಗವಾದ ಪಿ24 ಎಂಬ ಪ್ರೋಟೀನ್, ಅಂದರೆ ಆ್ಯಂಟಿಜನ್, ಅಳತೆಗೆ ಸಿಗುವಷ್ಟಾಗುತ್ತದೆ. ಅದಾದ ಮೇಲೆ ನಮ್ಮ ಮೈ ತಾನೇ ತಯಾರಿಸುವ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು. ಪ್ರತಿಕಾಯಗಳು ಹೆಚ್ಚುತ್ತಿದ್ದಂತೆ ಪಿ24 ಅವುಗಳಿಗೆ ಅಂಟಿಕೊಂಡು ತಪಾಸಣೆಯ ಕಣ್ಣಿಗೆ ಕಾಣದಂತಾಗುತ್ತದೆ. ಹಾಗಾಗಿ ಪಿ24 ಸಿಗುವುದು ಕೆಲವೇ ದಿನಗಳ ಮಾತು.

ಎರಡನೆಯದು, ತಪಾಸಣೆ ಈ ಮೂರರಲ್ಲಿ ಯಾವುದನ್ನು ಹುಡುಕುತ್ತದೆ ಎಂಬುದು. ಮೂರನೆಯದು, ಫಲಿತಾಂಶವನ್ನು ಯಾರು ಓದುತ್ತಾರೆ, ಪಾಸಿಟಿವ್ ಬಂದರೆ ಅದನ್ನು ಯಾರು ಖಚಿತಪಡಿಸುತ್ತಾರೆ ಎಂಬುದು. ಕೊನೆಯದು ಹಣ, ಸಮಯ ಮತ್ತು ಗುಟ್ಟು. ನಮ್ಮ ಊರುಗಳಲ್ಲಿ ಗುಟ್ಟಿನ ಚಿಂತೆಯೇ ಜನರನ್ನು ಹೆಚ್ಚು ತಡೆಯುತ್ತದೆ ಎಂಬುದನ್ನು ನಾನು ಬಲ್ಲೆ.

ಸರಕಾರಿ ಕೇಂದ್ರದ ಮೂರು ತಪಾಸಣೆ

ಐಸಿಟಿಸಿ ಎಂದು ಬೋರ್ಡು ಹಾಕಿರುವ ಆಪ್ತ ಸಮಾಲೋಚನೆ ಮತ್ತು ತಪಾಸಣಾ ಕೇಂದ್ರಗಳು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇವೆ. ಒಂದು ಪೈಸೆಯೂ ಬೇಡ. ರಕ್ತ ತೆಗೆಯುವ ಮೊದಲು ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ಮಾತನಾಡಿಸುತ್ತಾರೆ, ಒಪ್ಪಿಗೆ ಪಡೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ಸಿಗುತ್ತದೆ.

ಇಲ್ಲಿ ಬಳಸುವುದು ರ‍್ಯಾಪಿಡ್ ಕಿಟ್‌ಗಳನ್ನು. ಅವುಗಳಲ್ಲಿ ಒಂದು ಬಗೆ ಹಲ್ಲುಗಳಿರುವ ಬಾಚಣಿಗೆಯಂತಿರುತ್ತದೆ. ಒಬ್ಬೊಬ್ಬರ ಮಾದರಿಗೆ ಒಂದೊಂದು ಹಲ್ಲು. ಅದನ್ನು ಸಣ್ಣ ಸಣ್ಣ ಗುಳಿಗಳಲ್ಲಿ ಅದ್ದುತ್ತ, ತೊಳೆಯುತ್ತ ಹೋದಂತೆ ಹಲ್ಲಿನ ಮೇಲೆ ಗುಲಾಬಿ ಚುಕ್ಕೆ ಮೂಡುತ್ತದೆ. ಕಂಟ್ರೋಲ್ ಚುಕ್ಕೆ ಎಲ್ಲ ಹಲ್ಲುಗಳಲ್ಲಿಯೂ ಬರಲೇಬೇಕು, ಬಾರದಿದ್ದರೆ ತಪಾಸಣೆಯೇ ಕೆಟ್ಟಿದೆ ಎಂದರ್ಥ. ಅದರ ಕೆಳಗೆ ಇನ್ನೊಂದು ಚುಕ್ಕೆ ಮಸುಕಾಗಿ ಕಂಡರೂ ಅದು ‘ರಿಯಾಕ್ಟಿವ್’, ಅಂದರೆ ಸೋಂಕಿನ ಸುಳಿವು. ಹೊಸಬರು ಮಸುಕು ಚುಕ್ಕೆಯನ್ನು ಕಂಡು ಹಿಂದೆ ಮುಂದೆ ನೋಡುತ್ತಾರೆ. ಮಸುಕಾಗಿದೆ ಎಂಬ ಕಾರಣಕ್ಕೆ ಕೈಬಿಡುವಂತಿಲ್ಲ, ಏಕೆಂದರೆ ಸೋಂಕಿನ ಮೊದಲ ವಾರಗಳಲ್ಲಿ ಅದು ಮಸುಕಾಗಿಯೇ ಇರಬಹುದು.

ಮೊದಲ ಕಿಟ್ ರಿಯಾಕ್ಟಿವ್ ಬಂದರೆ ಬೇರೆ ತತ್ತ್ವದ ಅಥವಾ ವೈರಸ್ಸಿನ ಬೇರೆ ಪ್ರೋಟೀನ್ ಬಳಸುವ ಎರಡನೆಯ, ಮೂರನೆಯ ಕಿಟ್‌ನಲ್ಲಿ ನೋಡುತ್ತಾರೆ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಪಾಸಿಟಿವ್. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮಾಡಿದ ಈ ನಿಯಮದ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಮಾಡಿ. ಸಾವಿರ ಜನರಲ್ಲಿ ಇಬ್ಬರಿಗೆ ಸೋಂಕಿದೆ ಎನ್ನಿ. ಇನ್ನೂರು ಆರೋಗ್ಯವಂತರಲ್ಲಿ ಒಬ್ಬರಿಗೆ ಮಾತ್ರ ತಪ್ಪು ಗೆರೆ ಮೂಡಿಸುವ ಉತ್ತಮ ಕಾರ್ಡನ್ನೇ ಬಳಸಿದಿರಿ ಎನ್ನಿ. ಆಗ ನಿಜವಾದ ಗೆರೆ ಎರಡು, ಸುಳ್ಳು ಗೆರೆ ಐದು. ಒಂದೇ ಕಾರ್ಡನ್ನು ನಂಬಿದ್ದರೆ ಐದು ಮನೆಗಳಲ್ಲಿ ಸುಮ್ಮನೆ ಸೂತಕ.

ಇದರ ಕೊರತೆ ದಿನಗಳದ್ದು. ಈ ಕಿಟ್‌ಗಳು ಮುಖ್ಯವಾಗಿ ಪ್ರತಿಕಾಯ ಹುಡುಕುತ್ತವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಲೆಕ್ಕದಂತೆ ಪ್ರತಿಕಾಯದ ತಪಾಸಣೆಗಳಿಗೆ ಸೋಂಕು ಸಿಗುವುದು 23ರಿಂದ 90 ದಿನಗಳ ನಡುವೆ. ಬಹುಪಾಲು ಜನರಲ್ಲಿ 90ಕ್ಕಿಂತ ಬಹಳ ಮೊದಲೇ ಸಿಗುತ್ತದೆ. ಆದರೆ ನೀವು ಆ ಬಹುಪಾಲಿನವರಲ್ಲಿ ಒಬ್ಬರೋ ಅಲ್ಲವೋ ಹೇಳುವವರು ಯಾರು? ಆದ್ದರಿಂದ ಮೂರು ವಾರಕ್ಕೆ ಬಂದ ‘ನಾನ್ ರಿಯಾಕ್ಟಿವ್’ ಚೀಟಿಯನ್ನು ಅರ್ಧ ಉತ್ತರ ಎಂದು ತಿಳಿಯಿರಿ. 90 ದಿನ ಕಳೆದ ಮೇಲೆ, ನಡುವೆ ಹೊಸ ಅಪಾಯ ನಡೆದಿಲ್ಲವಾದರೆ, ಇದೇ ಉಚಿತ ತಪಾಸಣೆಯ ನೆಗೆಟಿವ್ ಫಲಿತಾಂಶವನ್ನು ಪೂರ್ತಿ ನಂಬಬಹುದು. ಅದಕ್ಕಿಂತ ದುಬಾರಿಯಾದದ್ದು ಯಾವುದೂ ಬೇಡ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳು ಚುಚ್ಚಿ ಒಂದೇ ಕಾರ್ಡಿನಲ್ಲಿ ನೋಡುವುದೂ ಉಂಟು. ಅಲ್ಲಿ ಗೆರೆ ಬಂದರೆ ಖಚಿತಪಡಿಸಲು ಐಸಿಟಿಸಿಗೆ ಕಳಿಸುತ್ತಾರೆ. ಕಳಿಸಿದರು ಎಂದ ಮಾತ್ರಕ್ಕೆ ಸೋಂಕು ಇದೆ ಎಂದು ತೀರ್ಮಾನಿಸಬೇಡಿ.

ಖಾಸಗಿ ಲ್ಯಾಬು: ವರದಿಯಲ್ಲಿ ಒಂದು ಸಾಲು ನೋಡಿ

‘ಎಚ್‌ಐವಿ ಟೆಸ್ಟ್’ ಎಂದು ಕೇಳಿದರೆ ಲ್ಯಾಬಿನವರು ಎರಡರಲ್ಲಿ ಒಂದನ್ನು ಮಾಡಬಹುದು, ಎರಡರ ನಡುವೆ ಅಜಗಜಾಂತರ. ಒಂದು, ಕಾರ್ಡಿನಲ್ಲಿ ಪ್ರತಿಕಾಯ ನೋಡುವುದು. ಇದು ಸರಕಾರಿ ಕೇಂದ್ರದ್ದೇ ಬಗೆ, ಆದರೆ ಹಣ ಕೊಡಬೇಕು, ಮೂರು ಕಿಟ್‌ಗಳ ಕಟ್ಟುಪಾಡು ಇರುವುದೂ ಖಚಿತವಿಲ್ಲ. ನಿಮ್ಮ ಊರಿನ ಐಸಿಟಿಸಿಯಲ್ಲಿ ಪರಿಚಿತರು ಕಂಡಾರು ಎಂಬ ಅಳುಕೊಂದನ್ನು ಬಿಟ್ಟರೆ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಆ ಅಳುಕಿದ್ದರೂ ಹಾವೇರಿಯವರು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಉಚಿತವಾಗಿಯೇ ಮಾಡಿಸಬಹುದು.

ಇನ್ನೊಂದು, ನಾಲ್ಕನೆಯ ಪೀಳಿಗೆಯ ಕಾಂಬೊ. ರಕ್ತನಾಳದಿಂದ ರಕ್ತ ತೆಗೆದು, ಯಂತ್ರದಲ್ಲಿ ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ನೋಡುವ ತಪಾಸಣೆ. ಸಿಡಿಸಿ ಪ್ರಕಾರ ಇದಕ್ಕೆ ಸೋಂಕು ಸಿಗುವ ಅವಧಿ 18ರಿಂದ 45 ದಿನ. 90ರ ಬದಲು 45. ನಿದ್ದೆಗೆಟ್ಟು ಕುಳಿತವನಿಗೆ ಈ ಆರೂವರೆ ವಾರದ ಉಳಿತಾಯ ಸಣ್ಣದಲ್ಲ. ಬೆಲೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ, ವರದಿ ಅದೇ ದಿನ ಅಥವಾ ಮರುದಿನ. ನನ್ನನ್ನು ಕೇಳಿದರೆ ಆರಂಭದ ಸೋಂಕಿನ ಭಯ ಇರುವವರು ಹಣ ಖರ್ಚು ಮಾಡುವುದಾದರೆ ಇದಕ್ಕೇ ಮಾಡಬೇಕು.

ಎರಡನ್ನೂ ಗುರುತಿಸುವುದು ಹೇಗೆ? ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಪಿ24 ಆ್ಯಂಟಿಜನ್ ನೋಡುತ್ತೀರಾ?’ ವರದಿ ಬಂದ ಮೇಲೆ ವಿಧಾನ ಬರೆದಿರುವ ಸಾಲು ನೋಡಿ. ಸಿಎಲ್‌ಐಎ, ಸಿಎಂಐಎ, ಇಸಿಎಲ್‌ಐಎ ಎಂದಿದ್ದರೆ ಯಂತ್ರದಲ್ಲಿ ಮಾಡಿದ್ದು. ಕಾರ್ಡ್, ಐಸಿಟಿ, ರ‍್ಯಾಪಿಡ್ ಎಂದಿದ್ದರೆ ಕಾರ್ಡಿನದು. ತಪಾಸಣೆಯ ಹೆಸರಿನ ಮುಂದೆ ಆ್ಯಂಟಿಜನ್ ಮತ್ತು ಆ್ಯಂಟಿಬಾಡಿ ಎರಡೂ ಇರಬೇಕು. ಬರೀ ‘ಎಚ್‌ಐವಿ 1 ಮತ್ತು 2 ಆ್ಯಂಟಿಬಾಡಿ’ ಎಂದಿದ್ದರೆ 90 ದಿನದ ಲೆಕ್ಕ ಹಿಡಿಯಿರಿ. ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಸೇರಿಸಿಕೊಟ್ಟ ಎಚ್‌ಐವಿ ತಪಾಸಣೆ ಯಾವುದು ಎಂದು ಕೇಳದೆ ನೆಮ್ಮದಿ ಪಡಬೇಡಿ.

ಇನ್ನೂ ಒಂದು ಎಡವಟ್ಟಿದೆ. ಕಾಂಬೊ ತಪಾಸಣೆ ಕಾರ್ಡಿನ ರೂಪದಲ್ಲಿಯೂ ಉಂಟು, ಪಿ24ಕ್ಕೆ ಬೇರೆಯೇ ಗೆರೆ ಇರುತ್ತದೆ. ಕಾಗದದ ಮೇಲೆ ಅದೂ ನಾಲ್ಕನೆಯ ಪೀಳಿಗೆಯದೇ. ಆದರೆ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಪಿ24 ಹಿಡಿಯುವುದರಲ್ಲಿ ಅದು ಯಂತ್ರದ ಹತ್ತಿರವೂ ಸುಳಿಯುವುದಿಲ್ಲ. ಹೊಸ ಸೋಂಕುಗಳನ್ನು ಆ ಆ್ಯಂಟಿಜನ್ ಗೆರೆ ಎಷ್ಟೋ ಬಾರಿ ತಪ್ಪಿಸಿಕೊಳ್ಳಲು ಬಿಡುತ್ತದೆ. ಸಿಡಿಸಿ ಅದಕ್ಕೆ ಕೊಡುವ ಅವಧಿ 18ರಿಂದ 90 ದಿನ. ಅಂದರೆ ಬೇಗ ಗೆರೆ ಬಂದರೆ ಬೇಗ ಗೊತ್ತಾದಂತೆ, ಗೆರೆ ಬಾರದಿದ್ದರೆ ಮತ್ತೆ 90ರವರೆಗೆ ಕಾಯಲೇಬೇಕು. ಇದರ ಹೆಚ್ಚಿನ ಬೆಲೆ ನಿಮಗೆ ಹೆಚ್ಚಿನದೇನನ್ನೂ ಕೊಡುವುದಿಲ್ಲ.

ಪಿಸಿಆರ್, ಅಂದರೆ ನ್ಯಾಟ್

ಎಲ್ಲಕ್ಕಿಂತ ಮೊದಲು ಸೋಂಕನ್ನು ಹಿಡಿಯುವುದು ಇದೇ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವುದರಿಂದ 10ರಿಂದ 33 ದಿನಗಳಲ್ಲಿ ಸಿಗುತ್ತದೆ. ಬೆಲೆ ಸಾವಿರಗಳಲ್ಲಿ. ನಮ್ಮ ಕಡೆಯ ಲ್ಯಾಬುಗಳು ಹೆಚ್ಚಾಗಿ ಮಾದರಿಯನ್ನು ಬೆಂಗಳೂರಿಗೋ ಮುಂಬೈಗೋ ಕಳಿಸುವುದರಿಂದ ವರದಿಗೆ ಕೆಲವು ದಿನ ಬೇಕು. ಹತ್ತನೆಯ ದಿನಕ್ಕಿಂತ ಮೊದಲು ಮಾಡಿಸಿದರೆ ಆ ಸಾವಿರಗಳೂ ನೀರಿನಲ್ಲಿ ಹೋಮ. ಸಾಮಾನ್ಯವಾಗಿ ಇದು ಎಚ್‌ಐವಿ-1ನ್ನು ಮಾತ್ರ ನೋಡುತ್ತದೆ. ಭಾರತದಲ್ಲಿ ಅಪರೂಪಕ್ಕೆ ಕಾಣುವ ಎಚ್‌ಐವಿ-2 ಇದರಲ್ಲಿ ತಪ್ಪಿಹೋಗಬಹುದು.

ಹಾಗಾದರೆ ಯಾರಿಗೆ ಬೇಕು? ಅಪಾಯ ನಿಜವಾಗಿಯೂ ದೊಡ್ಡದಿದ್ದು, ಎರಡರಿಂದ ನಾಲ್ಕು ವಾರದೊಳಗೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಕತ್ತಿನ ಗಡ್ಡೆ ಕಾಣಿಸಿಕೊಂಡವರಿಗೆ. ಆರಂಭದ ಎಚ್‌ಐವಿ ಹೀಗೆ ಬರಬಹುದು. ಮಳೆಗಾಲದಲ್ಲಿ ಇದನ್ನು ಡೆಂಗಿಯಿಂದಲೋ ವೈರಲ್ ಜ್ವರದಿಂದಲೋ ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಆದ್ದರಿಂದ ಡೆಂಗಿ ತಪಾಸಣೆಗೆ ಹೋದಾಗ ಅಪಾಯ ನಡೆದ ವಿಷಯವನ್ನು ವೈದ್ಯರಿಗೆ ಹೇಳಿ. ಅವರಿಗೆ ಹೇಳದೆ ಮುಚ್ಚಿಟ್ಟರೆ ಬೇಕಾದ ತಪಾಸಣೆಯನ್ನು ಅವರು ಬರೆಯುವುದಾದರೂ ಹೇಗೆ? ಆ ವಾರಗಳಲ್ಲಿ ರಕ್ತದಲ್ಲಿ ವೈರಸ್ ಪ್ರಮಾಣ ಅತಿ ಹೆಚ್ಚಾಗಿರುತ್ತದೆ, ಜೊತೆಗಾರರಿಗೆ ಹರಡುವ ಸಾಧ್ಯತೆಯೂ ಆಗಲೇ ಹೆಚ್ಚು.

ತಾಯಿಗೆ ಸೋಂಕಿರುವ ಹಸುಗೂಸಿಗೂ ಇಂಥದೇ ತಪಾಸಣೆ ಬೇಕು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಕಾರ್ಡಿನ ಗೆರೆಯನ್ನು ನಂಬುವಂತಿಲ್ಲ. ಸರಕಾರಿ ವ್ಯವಸ್ಥೆಯಲ್ಲಿಯೇ ಆರು ವಾರಕ್ಕೆ ಈ ತಪಾಸಣೆ ಉಚಿತವಾಗಿ ಆಗುತ್ತದೆ.

ಉಳಿದವರು ಪಿಸಿಆರ್ ಮಾಡಿಸಿದರೂ ಕೊನೆಗೆ ಕಾಂಬೊ ಅಥವಾ ಪ್ರತಿಕಾಯದ ತಪಾಸಣೆ ಮಾಡಿಸಲೇಬೇಕಾಗುತ್ತದೆ. ಎಚ್‌ಐವಿ ಇರುವವರ ಚಿಕಿತ್ಸೆ ಅಳೆಯಲು ರಕ್ತದಲ್ಲಿನ ವೈರಸ್ ಎಣಿಸುವ ವೈರಲ್ ಲೋಡ್ ತಪಾಸಣೆಯನ್ನು ರೋಗ ಪತ್ತೆಗೆ ಬಳಸಿದರೆ ಮತ್ತೊಂದು ಗೊಂದಲ: ಸೋಂಕೇ ಇಲ್ಲದವರಲ್ಲಿಯೂ ಒಮ್ಮೊಮ್ಮೆ ಚಿಕ್ಕ ಸಂಖ್ಯೆ ಕಾಣಿಸುತ್ತದೆ. ಹೊಸ ಸೋಂಕಿನಲ್ಲಿ ಸಂಖ್ಯೆ ಸಾಮಾನ್ಯವಾಗಿ ಲಕ್ಷ ದಾಟಿರುತ್ತದೆ. ಅದನ್ನು ವೈದ್ಯರೇ ಓದಬೇಕು.

ಮನೆಯಲ್ಲಿ ಮಾಡಿಕೊಳ್ಳುವ ಕಿಟ್

ಯಾರ ಮುಖವನ್ನೂ ನೋಡಬೇಕಿಲ್ಲ ಎಂಬುದು ಇದರ ದೊಡ್ಡ ಗುಣ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಸ್ವಯಂ ತಪಾಸಣೆಯನ್ನು ಶಿಫಾರಸು ಮಾಡಿದೆ. ಆದರೆ ಆರಂಭದ ಸೋಂಕಿಗೆ ಇದು ಅತಿ ದುರ್ಬಲ ಆಯ್ಕೆ. ಒಸಡಿನ ದ್ರವದಲ್ಲಿ ಪ್ರತಿಕಾಯ ರಕ್ತದಲ್ಲಿರುವುದಕ್ಕಿಂತ ಕಡಿಮೆ, ಹಾಗಾಗಿ ಬಾಯಿಯಿಂದ ಮಾಡುವ ಕಿಟ್ ಇನ್ನೂ ತಡವಾಗಿ ಹೇಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2012ರಲ್ಲಿ ಬಾಯಿಯಿಂದ ಮಾಡುವ ಓರಾಕ್ವಿಕ್ ಮನೆ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ, ಜನ ತಾವೇ ಮಾಡಿಕೊಂಡಾಗ ಸೋಂಕಿರುವ 12 ಮಂದಿಯಲ್ಲಿ ಒಬ್ಬರಿಗೆ ತಪ್ಪಾಗಿ ನೆಗೆಟಿವ್ ಬರಬಹುದು ಎಂದೇ ತಿಳಿಸಿತ್ತು.

ನಮ್ಮಲ್ಲಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಎಷ್ಟೋ ಕಾರ್ಡುಗಳು ಲ್ಯಾಬಿನವರ ಬಳಕೆಗೆಂದು ಮಾಡಿದವು. ರಕ್ತ ಕಡಿಮೆಯಾಗುತ್ತದೆ, ಕಿಟ್ಟಿನ ಜೊತೆ ಬರುವ ಬಫರ್ ದ್ರವದ ಹನಿ ಹೆಚ್ಚಾಗುತ್ತದೆ, ಹದಿನೈದು ಇಪ್ಪತ್ತು ನಿಮಿಷಕ್ಕೆ ಓದಬೇಕಾದ್ದನ್ನು ಮರುದಿನ ಬೆಳಿಗ್ಗೆ ಮತ್ತೆ ತೆಗೆದು ನೋಡಿ, ಒಣಗಿದ ಮೇಲೆ ಮೂಡಿದ ಗೆರೆ ಕಂಡು ಎದೆ ಒಡೆದುಕೊಳ್ಳುತ್ತಾರೆ. ಹಲವು ಕಿಟ್‌ಗಳನ್ನು 30 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದು ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಕೊರಿಯರ್ ಗಾಡಿಯೊಳಗಿನ ಬಿಸಿಯನ್ನು ಊಹಿಸಿಕೊಳ್ಳಿ. ಎಲ್ಲಿಗೂ ಹೋಗಲಾರೆ ಎನ್ನುವವರು ಮನೆ ಕಿಟ್ಟನ್ನೇ ಬಳಸುವುದಾದರೆ 90 ದಿನದ ಮೇಲೆ ಬಳಸಿ. ಗೆರೆ ಬಂದರೆ ಐಸಿಟಿಸಿಗೆ ಹೋಗುವವರೆಗೆ ಯಾವ ನಿರ್ಧಾರಕ್ಕೂ ಬರಬೇಡಿ.

ಆರಿಸಬಾರದವು ಎರಡು. ಪ್ರತಿಕಾಯ ಹುಡುಕುವ ಹಳೆಯ ಲ್ಯಾಬ್ ತಪಾಸಣೆಯಾದ ವೆಸ್ಟರ್ನ್ ಬ್ಲಾಟ್ ಒಂದು ಕಾಲದಲ್ಲಿ ಕೊನೆಯ ಮಾತಾಗಿತ್ತು. ಹೊಸ ಸೋಂಕನ್ನು ಹಿಡಿಯುವುದರಲ್ಲಿ ಅದು ಕಾಂಬೊಗಿಂತ ನಿಧಾನ, ಬೆಲೆಯೂ ಹೆಚ್ಚು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬಿಡಲು ಹೇಳಿತು. ಇನ್ನೊಂದು, ರಕ್ತದಾನ ಮಾಡಿ ಫಲಿತಾಂಶ ತಿಳಿಯುವ ಉಪಾಯ. ದಯವಿಟ್ಟು ಬೇಡ. ನಿಮ್ಮ ಗವಾಕ್ಷಿ ಅವಧಿಯ ರಕ್ತ ರಕ್ತನಿಧಿಯ ತಪಾಸಣೆಯಿಂದಲೂ ತಪ್ಪಿಸಿಕೊಂಡು ಒಬ್ಬ ಬಾಣಂತಿಗೋ ಒಂದು ಮಗುವಿಗೋ ಏರಬಹುದು.

ನಿಮ್ಮದು ಯಾವ ಸಂದರ್ಭ?

ಓದುತ್ತಿರುವ ಹುಡುಗ, ಕೈಯಲ್ಲಿ ಹಣವಿಲ್ಲ: ಐಸಿಟಿಸಿಯಲ್ಲಿ ಆರು ವಾರಕ್ಕೆ ಒಮ್ಮೆ, 90 ದಿನ ಕಳೆದ ಮೇಲೆ ಒಮ್ಮೆ. ಅಷ್ಟೇ ಸಾಕು. ನಾಲ್ಕೈದು ನೂರು ಹೊಂದಿಸಲು ಸಾಧ್ಯವಾದರೆ ಮೊದಲನೆಯದನ್ನು 45ನೆಯ ದಿನದ ಲ್ಯಾಬ್ ಕಾಂಬೊ ಮಾಡಿಕೊಳ್ಳಿ. ವಾರಕ್ಕೊಂದು ತಪಾಸಣೆ ಮಾಡಿಸುತ್ತ ಹೋದರೆ ಹಣವೂ ಹೋಗುತ್ತದೆ, ಭಯವೂ ಇಳಿಯುವುದಿಲ್ಲ.

ಸೂಜಿ ಚುಚ್ಚಿಸಿಕೊಂಡ ಸಿಸ್ಟರ್: ರೋಗಿಗೆ ಎಚ್‌ಐವಿ ಇದ್ದರೂ ಇಂಥ ಚುಚ್ಚುವಿಕೆಯಿಂದ ಸೋಂಕು ತಗಲುವ ಸಾಧ್ಯತೆ ಸುಮಾರು 300ಕ್ಕೆ ಒಂದು. ಸೋಪು ನೀರಿನಲ್ಲಿ ತೊಳೆದು ಕೂಡಲೇ ಪೆಪ್ ಶುರು ಮಾಡಿ, ಸಾಧ್ಯವಾದರೆ ಎರಡು ಗಂಟೆಯೊಳಗೆ. ಅದೇ ದಿನ ಒಂದು ತಪಾಸಣೆ ಆಗಬೇಕು, ಈಗಿನ ಸ್ಥಿತಿ ದಾಖಲಾಗಲು. ಪೆಪ್ ತೆಗೆದುಕೊಂಡ ಯಾರೇ ಆಗಲಿ ದಿನಗಳನ್ನು ಕೊನೆಯ ಮಾತ್ರೆಯಿಂದ ಎಣಿಸಬೇಕು. ಮಾತ್ರೆಗಳು ಸೋಂಕನ್ನು ಅದುಮಿ ಹಿಡಿದು ತಪಾಸಣೆಗೆ ಕಾಣದಂತೆ ಮಾಡಬಹುದು. 28 ದಿನದ ಮಾತ್ರೆ, ಅದರ ಮೇಲೆ 45 ದಿನ: ಕಾಂಬೊಗೆ 73ನೆಯ ದಿನ. ಉಳಿದ ತಪಾಸಣೆಗಳ ದಿನವನ್ನು ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರು ಬರೆದುಕೊಟ್ಟಂತೆ ನಡೆಯಿರಿ.

ಗಂಡನಿಗೆ ಪಾಸಿಟಿವ್ ಬಂದಿದೆ: ಇಲ್ಲಿ ಅಪಾಯ ಒಂದು ದಿನದ್ದಲ್ಲ, ಎಣಿಕೆ ಎಲ್ಲಿಂದ ಶುರು ಮಾಡುವುದು ಎಂಬುದೇ ತಿಳಿಯುವುದಿಲ್ಲ. ತಾಯಿ, ಇಂದೇ ಐಸಿಟಿಸಿಗೆ ಹೋಗಿ. ನೆಗೆಟಿವ್ ಬಂದರೆ ಕೊನೆಯ ಸಂಪರ್ಕದಿಂದ ಎಣಿಸಿ ಮತ್ತೆ ಮಾಡಿಸಿ. ಬಸುರಿಯಾಗಿದ್ದರೆ ಒಂದು ದಿನವೂ ತಡಮಾಡಬೇಡಿ, ಮಗುವಿಗೆ ಹರಡದಂತೆ ತಡೆಯುವ ಔಷಧ ಉಚಿತವಾಗಿದೆ.

ನಿಶ್ಚಿತಾರ್ಥಕ್ಕೆ ಮೊದಲು ಎರಡೂ ಕಡೆಯವರು ವರದಿ ಕೇಳಿದ್ದಾರೆ: ತಪ್ಪೇನಿಲ್ಲ, ಆದರೆ ವರದಿಯ ಮೇಲಿನ ತಾರೀಕು ಹಿಂದಿನ 90 ದಿನಗಳ ಬಗ್ಗೆ ಪೂರ್ತಿ ಭರವಸೆ ಕೊಡಲಾರದು ಎಂದು ಇಬ್ಬರಿಗೂ ಗೊತ್ತಿರಲಿ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ತಪಾಸಣೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ವರದಿ ಕೇಳುವಂತಿಲ್ಲ. ಮೊದಲು ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ 1097 ಉಚಿತ ಸಹಾಯವಾಣಿ ಇದೆ. ಪಾಸಿಟಿವ್ ಎಂದು ಖಚಿತವಾದವರಿಗೆ, ರಕ್ತದ ರೋಗನಿರೋಧಕ ಕೋಶಗಳ ಎಣಿಕೆಯಾದ ಸಿಡಿ4 ಎಷ್ಟೇ ಇರಲಿ, 2017ರಿಂದ ಚಿಕಿತ್ಸೆ ಕೂಡಲೇ ಮತ್ತು ಉಚಿತವಾಗಿ ಶುರುವಾಗುತ್ತದೆ. ಮಾತ್ರೆ ತಪ್ಪಿಸದೆ ನುಂಗಿ ವೈರಸ್ ಅಳತೆಗೆ ಸಿಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

ಎಣಿಸಲು ಗೊಂದಲವಾದರೆ ಹೀಗೆ ಮಾಡಿ. ಅಪಾಯ ನಡೆದದ್ದು ಮಾರ್ಚ್ 1 ಎನ್ನಿ. ಪೆಪ್ ತೆಗೆದುಕೊಳ್ಳದವರಿಗೆ ಮಾರ್ಚ್ 11ರವರೆಗೆ ಯಾವ ತಪಾಸಣೆಯೂ ಬೇಡ. ಲ್ಯಾಬ್ ಕಾಂಬೊ ಏಪ್ರಿಲ್ 15ಕ್ಕೆ. ಪ್ರತಿಕಾಯದ ಕಾರ್ಡು ಮೇ 30ಕ್ಕೆ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ, ರಕ್ತದಾನ ಬೇಡ.

ಆ ಹುಡುಗನಿಗೂ ರಸೀದಿಯ ಹಿಂದೆ ಇಂಥವೇ ಎರಡು ತಾರೀಕು ಬರೆದುಕೊಟ್ಟೆ. ಅದನ್ನು ಮಡಚಿ ಮೊಬೈಲ್ ಕವರಿನೊಳಗೆ ಇಟ್ಟುಕೊಂಡ, ಆ ಫೋಟೊ ನನ್ನೆದುರಿಗೇ ಅಳಿಸಿದ. ಅವನ ನಲವತ್ತೈದನೆಯ ದಿನ ಮುಂದಿನ ಗುರುವಾರ. ಅಂದು ಬೆಳಗಿನ ಪಾಳಿ ನನ್ನದಲ್ಲ, ಬದಲಾಯಿಸಿಕೊಂಡಿದ್ದೇನೆ.